ಬುತ್ತಿಗೆ ಪ್ರವೇಶವಿಲ್ಲ

ಬೇಸಿಗೆ ರಜೆ ಹತ್ತಿರ ಬಂತು ಅಂದ್ರೆ ಆಫೀಸಿನ ಟೀ ಬ್ರೇಕಿನಲ್ಲಿ ಒಂದು ಪ್ರಶ್ನೆ ತಪ್ಪದೆ ಬರುತ್ತೆ. "ಗುರು, ಮಕ್ಕಳನ್ನ ಥೀಮ್ ಪಾರ್ಕಿಗೆ ಕರ್ಕೊಂಡು ಹೋಗ್ಬೇಕು. ಕಡಿಮೆ ಖರ್ಚಲ್ಲಿ ಹೆಂಗೆ ಮುಗಿಸೋದು ಹೇಳು." ಈ ವಿಷಯದಲ್ಲಿ ನಾನು ಪಂಡಿತ ಅಂತ ಟೀಮಿನಲ್ಲಿ ಹೆಸರು. ಎರಡು ವರ್ಷದ ಹಿಂದೆ ನಾನೊಂದು ಎಕ್ಸೆಲ್ ಶೀಟ್ ಮಾಡಿದ್ದೆ, ಅದು ಕೈಯಿಂದ ಕೈಗೆ ಹೋಗಿ ನಮ್ಮ ಮಹಡಿಯವರೆಲ್ಲ ನೋಡಿಬಿಟ್ಟಿದ್ದಾರೆ.

ಅದರಲ್ಲಿ ಇದ್ದದ್ದು ಇಷ್ಟೇ. ಶನಿವಾರ ಭಾನುವಾರ ಬಿಟ್ಟು ಮಂಗಳವಾರವೋ ಬುಧವಾರವೋ ಹೋಗಿ. ಟಿಕೆಟ್ ದರವೂ ಕಡಿಮೆ, ಕ್ಯೂನೂ ಚಿಕ್ಕದು. ಗೇಟಿನಲ್ಲಿ ಕೊಳ್ಳಬೇಡಿ, ಮುಂಚೆಯೇ ಆನ್‌ಲೈನಿನಲ್ಲಿ ತಗೊಳ್ಳಿ. ಮಕ್ಕಳ ಟಿಕೆಟ್ಟನ್ನ ಬಹಳ ಕಡೆ ವಯಸ್ಸು ನೋಡಿ ಕೊಡಲ್ಲ, ಎತ್ತರ ನೋಡಿ ಕೊಡ್ತಾರೆ. ಮನೆಯಲ್ಲೇ ಗೋಡೆಗೆ ನಿಲ್ಲಿಸಿ, ಚಪ್ಪಲಿ ಬಿಚ್ಚಿಸಿ, ಅಳತೆ ನೋಡ್ಕೊಂಡು ಹೋಗಿ. ನೀರಿನ ಆಟಕ್ಕೆ ಹತ್ತಿ ಬಟ್ಟೆ ಬಿಡಲ್ಲ, ನೈಲಾನ್ ಬಟ್ಟೆ ಮನೆಯಿಂದಲೇ ಒಯ್ಯಿರಿ, ಅಲ್ಲಿಯ ಅಂಗಡಿಗೆ ಕೈ ಹಾಕಬೇಡಿ. ಆಟದ ಮೇಲೆ ಕೂತಾಗ ಅವರೇ ತೆಗೆಯೋ ಫೋಟೋ ಕಡೆಗೆ ತಿರುಗಿಯೂ ನೋಡಬೇಡಿ. ಕಾರು ಬಿಡಿ, ಬಸ್ಸಲ್ಲಿ ಹೋಗಿ, ಪಾರ್ಕಿಂಗ್ ದುಡ್ಡು ಉಳಿಯುತ್ತೆ.

ಇಷ್ಟೆಲ್ಲ ಮಾಡಿ ಆರು ಜನದ ನಮ್ಮ ಮನೆಗೆ ನಾನು ಉಳಿಸಿದ್ದು 1,600 ರೂಪಾಯಿ. ಇವತ್ತಿಗೂ ಯಾರಾದ್ರೂ ಕೇಳಿದ್ರೆ ಆ ಶೀಟ್ ಕಳಿಸ್ತೀನಿ. ಆದ್ರೆ ಕಳಿಸುವಾಗೆಲ್ಲ ನನಗೆ ನನ್ನ ಮೇಲೇ ಸಿಟ್ಟು ಬರುತ್ತೆ. ಯಾಕಂದ್ರೆ ಮನೆಯವರ ಜೇಬು ಕತ್ತರಿ ಬೀಳೋದು ಟಿಕೆಟ್ ಕೌಂಟರಿನಲ್ಲಲ್ಲ. ಅದರ ಪಕ್ಕದಲ್ಲಿ ಬ್ಯಾಗ್ ತಪಾಸಣೆ ಮಾಡೋ ಮೇಜಿನ ಹತ್ತಿರ. ಅಲ್ಲೊಂದು ಬೋರ್ಡು ಇರುತ್ತೆ: ಹೊರಗಿನ ಆಹಾರಕ್ಕೆ ಪ್ರವೇಶವಿಲ್ಲ. ಆ ಒಂದು ಸಾಲಿನ ಮುಂದೆ ನನ್ನ ಶೀಟಿನ ಎಲ್ಲ ಸಾಲೂ ಸೊನ್ನೆ.

ಯಾವ ಪಾರ್ಕು ಅಂತ ಹೆಸರು ಬೇಡ. ಊರಿಂದ ಅಪ್ಪ ಅವ್ವ ಬಂದಿದ್ರು. ಮೊಮ್ಮಕ್ಕಳ ಜೊತೆ ಒಂದು ದಿನ ಇರಲಿ ಅಂತ ಅವರನ್ನೂ ಹೊರಡಿಸಿದೆ. ಅವ್ವ ಬೆಳಗಿನ ಜಾವ ನಾಲ್ಕಕ್ಕೇ ಎದ್ದಿದ್ಲು. ನನ್ನ ಹೆಂಡತಿ "ಅಲ್ಲೇ ಸಿಗುತ್ತೆ ಅತ್ತೆ, ಯಾಕೆ ಕಷ್ಟ" ಅಂದ್ರೆ, "ದುಡ್ಡು ಕೊಟ್ಟು ಅನ್ನ ತಿನ್ನೋಕೆ ನಾವೇನು ದಿಕ್ಕಿಲ್ದೋರ" ಅಂತ ಚಿತ್ರಾನ್ನ, ಚಪಾತಿ, ಬದನೇಕಾಯಿ ಪಲ್ಯ, ಮೊಸರನ್ನ ಎಲ್ಲ ಕಟ್ಟಿದ್ಲು. ಮೇಲೊಂದು ಡಬ್ಬಿ ಚಕ್ಕುಲಿ. ಜಾತ್ರೆಗೆ ಹೋಗೋದು ಅಂದ್ರೆ ಬುತ್ತಿ ಕಟ್ಟೋದು ಅಂತಲೇ ಅವಳ ಲೆಕ್ಕ.

ಬ್ಯಾಗು ನೋಡೋ ಹುಡುಗ ರಾಯಚೂರಿನ ಕಡೆಯವನು. "ಊಟ ಒಳಗ ಬಿಡಾಂಗಿಲ್ರಿ ಸರ. ಕಾರ್‌ನ್ಯಾಗ ಇಟ್ಟು ಬರ್ರಿ" ಅಂದ. ನಾವು ಬಂದದ್ದು ಬಸ್ಸಲ್ಲಿ. ಇಡೋಕೆ ಕಾರೆಲ್ಲಿಂದ ತರೋಣ? ನೋಡಿ, ಇಲ್ಲೇ ನನ್ನ ಬುದ್ಧಿವಂತಿಕೆ ನನಗೆ ತಿರುಗಿ ಬಿತ್ತು. ಕಾರಿದ್ದೋನು ಅನ್ನವನ್ನ ಡಿಕ್ಕಿಯಲ್ಲಿಟ್ಟು ಸಂಜೆ ತಿಂತಾನೆ. ಬಸ್ಸಲ್ಲಿ ಬಂದೋನಿಗೆ ಗೇಟಿನ ಪಕ್ಕ ಒಂದು ನೀಲಿ ಡ್ರಮ್ಮು ಇಟ್ಟಿರ್ತಾರೆ. ಅದರಲ್ಲಿ ಆಗಲೇ ಪುಳಿಯೋಗರೆ, ಪೂರಿ, ಬಾಳೆಹಣ್ಣು, ಯಾವುದೋ ಮಗುವಿನ ಬಿಸ್ಕತ್ತು ಎಲ್ಲ ಬಿದ್ದಿತ್ತು.

ಅವ್ವ ಡ್ರಮ್ಮಿನೊಳಗೆ ಒಂದು ಸಲ ಇಣುಕಿ ನೋಡಿದ್ಲು. ಏನೂ ಮಾತಾಡಲಿಲ್ಲ. ಬ್ಯಾಗು ಎತ್ಕೊಂಡು ವಾಪಸ್ ರಸ್ತೆ ಕಡೆ ನಡೆದ್ಲು. ಅಲ್ಲಿ ಸೌತೆಕಾಯಿ ಹೆಚ್ಚಿ ಉಪ್ಪುಖಾರ ಹಾಕಿ ಮಾರ್ತಿದ್ದ ಹೆಂಗಸಿನ ಹತ್ತಿರ ಡಬ್ಬಿಗಳನ್ನ ಇಟ್ಟು, "ಮಧ್ಯಾಹ್ನಕ್ಕೆ ಉಣ್ಣವ್ವ, ಮೊಸರನ್ನ ಮೊದ್ಲು ಉಣ್ಣು, ಹುಳಿ ಬಂದಾತು" ಅಂತ ಹೇಳಿ ಬಂದ್ಲು. ನಾನು ಏನು ಮಾಡ್ತಿದ್ದೆ ಅಂತೀರಾ? ಮೊಬೈಲಿನಲ್ಲಿ ಟಿಕೆಟ್ಟಿನ ಕ್ಯೂಆರ್ ಕೋಡ್ ತೆಗೆದು ಹಿಡ್ಕೊಂಡು, "ಬೇಗ ಬಾರವ್ವ, ಹಿಂದೆ ಜನ ನಿಂತವ್ರೆ" ಅಂತಿದ್ದೆ.

ಈ ಪಾರ್ಕುಗಳೆಲ್ಲಕ್ಕೂ ಹಿರಿಯಣ್ಣ ಅಂದ್ರೆ ಕ್ಯಾಲಿಫೋರ್ನಿಯಾದ ಅನಾಹೈಮಿನಲ್ಲಿ 1955ರ ಜುಲೈನಲ್ಲಿ ಶುರುವಾದ ಡಿಸ್ನಿಲ್ಯಾಂಡ್. ಅದರ ಯೋಚನೆ ಹೇಗೆ ಹುಟ್ಟಿತು ಅಂತ ವಾಲ್ಟ್ ಡಿಸ್ನಿ ತಾವೇ ಹೇಳ್ಕೊಂಡಿದ್ದಾರೆ. ವಾರಕ್ಕೊಮ್ಮೆ ಹೆಣ್ಣುಮಕ್ಕಳನ್ನ ಪಾರ್ಕಿಗೆ ಕರ್ಕೊಂಡು ಹೋಗ್ತಿದ್ರಂತೆ. ಲಾಸ್ ಏಂಜಲೀಸಿನ ಗ್ರಿಫಿತ್ ಪಾರ್ಕಿನಲ್ಲಿ ಮಕ್ಕಳು ಮರದ ಕುದುರೆ ಮೇಲೆ ಸುತ್ತುತ್ತಿದ್ರೆ, ಇವರು ಬೆಂಚಿನ ಮೇಲೆ ಕೂತು ಕಡಲೆಕಾಯಿ ತಿಂತಾ ಇದ್ರು. ಅಪ್ಪ ಅಮ್ಮ ಮಕ್ಕಳು ಎಲ್ಲ ಸೇರಿ ಖುಷಿಪಡೋ ಜಾಗ ಒಂದು ಇರಬೇಕಲ್ಲ ಅನ್ನಿಸಿತು ಅಂತ. ಇಷ್ಟು ದೊಡ್ಡ ಉದ್ಯಮ ಹುಟ್ಟಿದ್ದು ಬೆಂಚಿನ ಮೇಲೆ ಕೂತು ಕಡಲೆಕಾಯಿ ತಿಂತಿದ್ದ ಒಬ್ಬ ಅಪ್ಪನಿಂದ ಸ್ವಾಮಿ! ಕಡಲೆಕಾಯಿಗೇ ಅಂತ ಬಸವನಗುಡಿಯಲ್ಲಿ ಒಂದು ಪರಿಷೆ ಮಾಡೋ ಊರು ನಮ್ಮದು. ನಮ್ಮ ಗೇಟಿನಲ್ಲಿ ಆ ಅಪ್ಪ ಇವತ್ತು ಬಂದಿದ್ರೆ ಪೊಟ್ಟಣ ಡ್ರಮ್ಮಿಗೆ ಹಾಕಿ ಒಳಗೆ ಹೋಗಬೇಕಿತ್ತು.

ಅಲ್ಲಿ ಅಮೆರಿಕದಲ್ಲಿ ಇವತ್ತಿಗೂ ಡಿಸ್ನಿಲ್ಯಾಂಡಿಗಾಗಲಿ ಫ್ಲಾರಿಡಾದ ಡಿಸ್ನಿ ವರ್ಲ್ಡಿಗಾಗಲಿ ಮನೆಯ ಊಟ ಒಯ್ಯಬಹುದು. ಗಾಜಿನ ಬಾಟಲಿ ಬೇಡ, ಮದ್ಯ ಬೇಡ, ನಿಮಗೆ ಬೇಕಾದಷ್ಟು ತಿಂಡಿ ತನ್ನಿ ಅಂತಾರೆ. ಲಾಭ ಮಾಡೋದು ಗೊತ್ತಿಲ್ಲದ ಕಂಪನಿ ಅಂತ ಡಿಸ್ನಿಯನ್ನ ಯಾರೂ ಬೈದದ್ದು ನಾನು ಕೇಳಿಲ್ಲ. ಡಬ್ಬಿ ಒಳಗೆ ಬಿಟ್ಟರೆ ಪಾರ್ಕು ಮುಚ್ಚಿಹೋಗುತ್ತೆ ಅನ್ನೋರು ಇದಕ್ಕೆ ಏನು ಹೇಳ್ತಾರೆ?

ಹಾಗಂತ ಡಿಸ್ನಿಯವರು ಸಂತರೂ ಅಲ್ಲ. 2016ರಲ್ಲಿ ಶಾಂಘೈನಲ್ಲಿ ಪಾರ್ಕು ತೆಗೆದವರು, ಮಾರನೇ ವರ್ಷವೇ ಹೊರಗಿನ ತಿಂಡಿ ತರಬಾರದು ಅಂತ ನಿಯಮ ಮಾಡಿದ್ರು. ಅಮೆರಿಕದವರಿಗೆ ಒಂದು, ಏಷ್ಯಾದವರಿಗೆ ಇನ್ನೊಂದು. 2019ರಲ್ಲಿ ಕಾನೂನು ಓದ್ತಿದ್ದ ಒಬ್ಬ ಹುಡುಗಿ ತಿಂಡಿ ತಗೊಂಡು ಹೋದ್ಲು. ಗೇಟಿನಲ್ಲಿ ತಡೆದ್ರು. ಆ ತಿಂಡಿಯ ಬೆಲೆ ಐವತ್ತು ಯುವಾನ್ ಕೂಡ ಇರಲಿಲ್ಲ. ಅವಳು ಸುಮ್ಮನಿರಲಿಲ್ಲ, ಕೋರ್ಟಿಗೆ ಹೋದ್ಲು. ಸುದ್ದಿ ಇಡೀ ಚೀನಾದಲ್ಲಿ ಹಬ್ಬಿತು. ಸೆಪ್ಟೆಂಬರಿನಲ್ಲಿ ಡಿಸ್ನಿ ಅವಳಿಗೆ 50 ಯುವಾನ್ ಕೊಟ್ಟು ರಾಜಿ ಮಾಡ್ಕೊಂಡಿತು, ನಿಯಮವನ್ನೂ ಬದಲಾಯಿಸಿತು. ಬಿಸಿ ಮಾಡಬೇಕಾದದ್ದು, ಗಾಟು ವಾಸನೆಯದ್ದು ಬಿಟ್ಟು ಉಳಿದದ್ದು ತನ್ನಿ ಅಂದ್ರು. ಒಂದು ತಿಂಡಿ ಪೊಟ್ಟಣದ ಜಗಳ! ನಾವು ಇಂಥದ್ದಕ್ಕೆಲ್ಲ ಯಾರು ಅಲೀತಾರೆ ಅಂತೀವಿ. ಅವಳು ಅಲೆದ್ಲು.

ನಮ್ಮಲ್ಲೂ ಕೋರ್ಟು ಈ ಬಗ್ಗೆ ಮಾತಾಡಿದೆ, ಆದ್ರೆ ಸಿನಿಮಾ ಮಂದಿರದ ವಿಷಯದಲ್ಲಿ. ಜಮ್ಮು ಕಾಶ್ಮೀರದ ಹೈಕೋರ್ಟು ಥಿಯೇಟರಿಗೆ ತಿಂಡಿ ಒಯ್ಯಲು ಬಿಡಬೇಕು ಅಂತ 2018ರಲ್ಲಿ ಹೇಳಿತ್ತು. 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನ ತಳ್ಳಿಹಾಕಿತು. ಥಿಯೇಟರು ಖಾಸಗಿ ಆಸ್ತಿ, ನಿಯಮ ಮಾಡೋ ಹಕ್ಕು ಮಾಲೀಕನಿಗಿದೆ, ಯಾರೋ ಜಿಲೇಬಿ ತಂದು ತಿಂದು ಸೀಟಿಗೆ ಕೈ ಒರೆಸಿದ್ರೆ ತೊಳೆಸೋರು ಯಾರು ಅಂತ ವಿಚಾರಣೆಯಲ್ಲಿ ಕೇಳಿತು. ಕುಡಿಯೋ ನೀರು ಪುಕ್ಕಟೆ ಕೊಡಬೇಕು, ಎಳೆಮಕ್ಕಳ ಆಹಾರ ತಡೀಬಾರದು ಅಂತಲೂ ಹೇಳಿತು.

ಈ ತೀರ್ಪು ಹಿಡ್ಕೊಂಡು ನನ್ನ ಜೊತೆ ವಾದಕ್ಕೆ ಬರೋ ಗೆಳೆಯರಿದ್ದಾರೆ. ನನ್ನ ಉತ್ತರ ಸರಳ. ಸಿನಿಮಾ ಮೂರು ಗಂಟೆ. ಉಂಡು ಹೋಗಬಹುದು, ಬಂದು ಉಣ್ಣಬಹುದು. ಪಾಪ್‌ಕಾರ್ನ್ ಇಲ್ಲದಿದ್ರೆ ಯಾರ ಜೀವವೂ ಹೋಗಲ್ಲ. ಪಾರ್ಕಿನಲ್ಲಿ ಬೆಳಿಗ್ಗೆ ಹೊಕ್ಕೋನು ಸಂಜೆ ಹೊರಗೆ ಬರೋದು. ಏಳೆಂಟು ಗಂಟೆ, ಅದೂ ಬಿಸಿಲಲ್ಲಿ, ಮಕ್ಕಳು ನೀರಲ್ಲಿ ನೆನೆದು ಹಸಿವಿನಿಂದ ಕೂಗ್ತಿರ್ತಾರೆ. ನಡುವೆ ಹೊರಗೆ ಹೋಗಿ ಉಂಡು ಬರ್ತೀನಿ ಅಂದ್ರೆ ನಾವು ಹೋಗಿದ್ದ ಕಡೆ ಮತ್ತೆ ಒಳಗೆ ಬಿಡ್ತಿರಲಿಲ್ಲ. ತಿನ್ನಲೇಬೇಕು, ಅಲ್ಲೇ ತಿನ್ನಬೇಕು, ಅವರು ಹೇಳಿದ ಬೆಲೆಗೇ ತಿನ್ನಬೇಕು. ಇದನ್ನ ವ್ಯಾಪಾರ ಅಂತ ಕರೆಯೋಕೆ ನನಗೆ ಬಾಯಿ ಬರಲ್ಲ. ನಮ್ಮ ಮನೆಯ ಆ ದಿನದ ಲೆಕ್ಕ ಹೇಳ್ತೀನಿ: ಊಟ, ನೀರು, ಟೀ, ಸಂಜೆಯ ತಿಂಡಿ, ಐಸ್‌ಕ್ರೀಮು ಸೇರಿ 3,140 ರೂಪಾಯಿ. ಎಕ್ಸೆಲ್ ಶೀಟ್ ಉಳಿಸಿದ 1,600ರ ಹತ್ತಿರ ಹತ್ತಿರ ಎರಡರಷ್ಟು. ಅವ್ವನ ಬುತ್ತಿಗೆ ಆದ ಖರ್ಚು ಎಷ್ಟು ಅಂತ ಕೇಳಿದ್ದೆ. "ಅಕ್ಕಿ ನಮ್ದೇ, ಕಾಯಿ ನಮ್ದೇ, ಏನು ಖರ್ಚು" ಅಂದ್ಲು.

ಆದ್ರೆ ದುಡ್ಡಿನ ಮಾತು ಅಷ್ಟಕ್ಕೇ ನಿಲ್ಲಿಸ್ತೀನಿ. ನನ್ನನ್ನ ಈ ಲೇಖನ ಬರೆಯೋ ಹಾಗೆ ಮಾಡಿದ್ದು ದುಡ್ಡಲ್ಲ.

ಅಪ್ಪನಿಗೆ ಹನ್ನೆರಡು ವರ್ಷದಿಂದ ಸಕ್ಕರೆ ಕಾಯಿಲೆ. ಮಾತ್ರೆ ನುಂಗಿದ ಮೇಲೆ ಹೊತ್ತಿಗೆ ಸರಿಯಾಗಿ ಹೊಟ್ಟೆಗೆ ಏನಾದ್ರೂ ಬೀಳಬೇಕು. ಬಸ್ಸು ಹಿಡಿಯೋ ಅವಸರದಲ್ಲಿ ಆರೂವರೆಗೇ ತಿಂಡಿ ಆಗಿತ್ತು. ಹನ್ನೊಂದಕ್ಕೆ ಎರಡು ಚಪಾತಿ ತಿನ್ನಿಸೋಣ ಅಂತ ಅವ್ವನ ಲೆಕ್ಕವಿತ್ತು, ಆ ಚಪಾತಿ ಗೇಟಿನ ಹೊರಗೆ ಉಳಿದಿತ್ತು. ಹತ್ತಿರದ ಅಂಗಡಿ ಇನ್ನೂ ತೆಗೆದಿರಲಿಲ್ಲ. ಇದ್ರೆ ಇರ್ಲಿ ಮಧ್ಯಾಹ್ನ ಬೇಗ ಉಂಡ್ರಾಯ್ತು ಅಂತ ಅಪ್ಪ ಸುಮ್ಮನಾದ. ಒಂದೂಕಾಲಿಗೆ ನಾನು ಫುಡ್ ಕೋರ್ಟಿನಲ್ಲಿ ಕೂಪನ್ನಿಗೆ ನಿಂತಿದ್ದೆ. ನನ್ನ ಮುಂದೆ ಮೂವತ್ತು ಜನ ಇದ್ದಿರಬೇಕು. ಮಗಳು ಓಡಿಬಂದು "ಅಪ್ಪಾ, ತಾತ ಒಂಥರಾ ಮಾಡ್ತಿದ್ದಾರೆ" ಅಂದ್ಲು. ಹೋಗಿ ನೋಡಿದ್ರೆ ಅಂಗಿ ಪೂರ್ತಿ ಬೆವರು. "ಕೈ ನಡುಗ್ತೈತೆ ಕಣ್ಲಾ, ಕಣ್ಣು ಮಂಜಾಗ್ತೈತೆ" ಅಂದ. ನಾನು ಸಕ್ಕರೆ ತರೋಕೆ ಅಂತ ತಿರುಗೋ ಹೊತ್ತಿಗೆ ಅವ್ವ ಸೆರಗಿನ ತುದಿಯ ಗಂಟು ಬಿಚ್ಚಿ ಒಂದು ತುಂಡು ಬೆಲ್ಲ ತೆಗೆದು ಅಪ್ಪನ ಬಾಯಿಗೆ ಹಾಕಿದ್ಲು. ಹತ್ತು ನಿಮಿಷ, ಕಾಲು ಗಂಟೆಯಲ್ಲಿ ಅಪ್ಪ ಸರಿಯಾದ.

ಆ ಬೆಲ್ಲ ತಪಾಸಣೆಯಲ್ಲಿ ಸಿಕ್ಕಿರಲಿಲ್ಲ. ಅಂದ್ರೆ ಅವ್ವ ಅವತ್ತು ಪಾರ್ಕಿನ ನಿಯಮ ಮುರಿದು ಒಳಗೆ ಬಂದಿದ್ಲು.

ಆಮೇಲೆ ನಾನು ಪಾರ್ಕಿನ ಗ್ರಾಹಕ ಸೇವೆಗೆ ಮೇಲ್ ಹಾಕಿದೆ. ಆರೋಗ್ಯದ ತೊಂದರೆ ಇರೋರು ಡಾಕ್ಟರ ಚೀಟಿ ತೋರಿಸಿದ್ರೆ ಸ್ವಲ್ಪ ಆಹಾರ ಒಯ್ಯಲು ಬಿಡ್ತೀವಿ ಅಂತ ಬಹಳ ಮರ್ಯಾದೆಯ ಉತ್ತರ ಬಂತು. ಗೇಟಿನ ಬೋರ್ಡಿನಲ್ಲಿ ಅದು ಇರಲಿಲ್ಲ, ಆ ರಾಯಚೂರಿನ ಹುಡುಗನಿಗೆ ಯಾರೂ ಹೇಳಿಯೂ ಇರಲಿಲ್ಲ ಅನ್ಸುತ್ತೆ. ಇರಲಿ, ಇತ್ತು ಅಂತಲೇ ಇಟ್ಕೊಳ್ಳೋಣ. ಮನೆಯಲ್ಲಿ ಮಾಡಿದ ಚಪಾತಿ ತಿನ್ನೋಕೆ ಡಾಕ್ಟರ ಚೀಟಿ ತರಬೇಕೇನ್ರಿ?

ಇನ್ನೊಂದು ವಿಷಯ. ಅಪ್ಪ ಅವ್ವ ಇಡೀ ದಿನದಲ್ಲಿ ಹತ್ತಿದ್ದು ಎರಡೇ ಎರಡು ಆಟ. ಅದರಲ್ಲೊಂದು ಪುಟಾಣಿ ರೈಲು. ಉಳಿದ ಹೊತ್ತು ನೆರಳಲ್ಲಿ ಕೂತು ನಮ್ಮ ಚಪ್ಪಲಿ, ಬ್ಯಾಗು, ಒದ್ದೆ ಬಟ್ಟೆ ಕಾದ್ರು. ಹಿರಿಯರು ಅಂತ ಟಿಕೆಟ್ಟಿನಲ್ಲಿ ಅಷ್ಟೋ ಇಷ್ಟೋ ಬಿಟ್ಟಿದ್ರು ನಿಜ. ಆದ್ರೂ ಕೂತುಕೊಳ್ಳೋಕೆ ಸಾವಿರದ ಲೆಕ್ಕದಲ್ಲಿ ದುಡ್ಡು. ನಮ್ಮೂರ ಜಾತ್ರೆಯಲ್ಲಿ ಒಳಗೆ ಬರೋಕೆ ಯಾರೂ ಯಾರನ್ನೂ ಕೇಳ್ತಿರಲಿಲ್ಲ. ತೊಟ್ಟಿಲು ಹತ್ತೋನು ತೊಟ್ಟಿಲಿಗೆ ದುಡ್ಡು ಕೊಡ್ತಿದ್ದ. ಅಜ್ಜಿ ಅರಳಿಕಟ್ಟೆ ಮೇಲೆ ಬುತ್ತಿ ಇಟ್ಕೊಂಡು ಕೂತಿರ್ತಿದ್ಲು, ನಾವು ಐದು ರೂಪಾಯಿ ಹಿಡ್ಕೊಂಡು ಯಾವುದು ಹತ್ತೋದು ಯಾವುದು ಬಿಡೋದು ಅಂತ ಒಂದು ಗಂಟೆ ಯೋಚನೆ ಮಾಡ್ತಿದ್ವಿ.

ಇದು ಹಳ್ಳಿಯವನ ಹಳಹಳಿಕೆ ಅನ್ನಬೇಡಿ. ಡಿಸ್ನಿಲ್ಯಾಂಡೂ ಶುರುವಾದಾಗ ಹೀಗೇ ಇತ್ತು. ದೊಡ್ಡವರಿಗೆ ಪ್ರವೇಶ ಒಂದು ಡಾಲರ್. ಆಟಗಳಿಗೆ ಬೇರೆ ಚೀಟಿ, ಎ ಬಿ ಸಿ ಅಂತ ದರ್ಜೆ, ಆಮೇಲೆ ಡಿ, ಇ ಕೂಡ ಸೇರಿದವು. ಆಟ ಆಡದ ಅಜ್ಜಿ ಆಟಕ್ಕೆ ದುಡ್ಡು ಕೊಡಬೇಕಿರಲಿಲ್ಲ. 1982ರಲ್ಲಿ ಆ ಚೀಟಿ ಪದ್ಧತಿ ಪೂರ್ತಿ ನಿಂತು, ಒಂದೇ ಟಿಕೆಟ್ಟು ಬಂತು. ಹತ್ತು ಸಲ ಹತ್ತೋ ಹುಡುಗನಿಗೆ ಇದು ಲಾಭ, ಒಪ್ಪಿದೆ. ಹತ್ತದವರಿಗೂ ಒಂದು ದರ ಇಡೋದಕ್ಕೆ ಏನು ಅಡ್ಡಿ? ಕೈಗೆ ಬೇರೆ ಬಣ್ಣದ ಪಟ್ಟಿ ಕಟ್ಟಿದ್ರೆ ಮುಗೀತು. ಸಾಫ್ಟ್‌ವೇರಿನಲ್ಲಿ ಒಂದು ಹೊಸ ಬಗೆಯ ಟಿಕೆಟ್ ಸೇರಿಸೋಕೆ ಎಷ್ಟು ಕೆಲಸ ಅಂತ ನನಗೆ ಗೊತ್ತು, ಅದೇ ನನ್ನ ಹೊಟ್ಟೆಪಾಡು. ಕಷ್ಟದ ಕೆಲಸ ಅಲ್ಲ. ಮನಸ್ಸಿಲ್ಲ, ಅಷ್ಟೇ.

ಬೇರೆ ಬಣ್ಣದ ಪಟ್ಟಿ ಕಟ್ಟೋದು ಅವರಿಗೆ ಗೊತ್ತಿಲ್ಲದ್ದೇನೂ ಅಲ್ಲ. ಹೆಚ್ಚು ದುಡ್ಡು ಕೊಟ್ಟು ಕ್ಯೂ ತಪ್ಪಿಸಿ ಮುಂದೆ ಹೋಗೋರಿಗೆ ಕಟ್ಟಿಯೇ ಕಟ್ತಾರೆ. ಡಿಸ್ನಿಯವರು 1999ರಲ್ಲಿ ಇದನ್ನ ಶುರುಮಾಡಿದಾಗ ಎಲ್ಲರಿಗೂ ಪುಕ್ಕಟೆ ಇತ್ತು, 2021ರಿಂದ ದುಡ್ಡಿಗೆ ಮಾರ್ತಾರೆ. ನಮ್ಮಲ್ಲಿ ಮೊದಲಿಂದಲೂ ಇದು ಮಾರಾಟದ ಸರಕೇ. ದೇವರ ದರ್ಶನಕ್ಕೇ ವಿಶೇಷ ಕ್ಯೂ ಇಟ್ಟ ನಾಡು, ಪಾರ್ಕಿನದ್ದು ಏನು ಮಹಾ ಅಂತೀರಿ. ಮುಕ್ಕಾಲು ಗಂಟೆ ಬಿಸಿಲಲ್ಲಿ ನಿಂತ ಮಗ "ಅವರು ಯಾಕಪ್ಪ ಮುಂದೆ ಹೋದ್ರು" ಅಂತ ಕೇಳಿದಾಗ ನಾನು "ಅವರದ್ದು ಬೇರೆ ಟಿಕೆಟ್ಟು" ಅಂದೆ. "ನಮ್ಗ್ಯಾಕೆ ತಗೊಳ್ಳಲಿಲ್ಲ" ಅಂದ. ಅವತ್ತು ನಾನು ಉಳಿಸಿದ ದುಡ್ಡಿನಲ್ಲಿ ಅದೂ ಸೇರಿತ್ತು ಅಂತ ಅವನಿಗೆ ಹೇಗೆ ಹೇಳೋದು? ಮುಂದೆ ಹೋದವರ ಸಮಯ ಆಕಾಶದಿಂದ ಉದುರಿದ್ದಲ್ಲ. ಹಿಂದೆ ನಿಂತವರ ಸಮಯವನ್ನೇ ಕೊಯ್ದು ಮಾರಿದ್ದು.

"ಇಷ್ಟು ಸಂಕಟ ಪಡೋ ಬದ್ಲು ಹೋಗ್ಬೇಡ" ಅಂತ ಒಬ್ಬ ಸಹೋದ್ಯೋಗಿ ಅಂದ. ಅವನು ವರ್ಷಕ್ಕೊಂದು ಸಲ ಸಿಂಗಾಪುರಕ್ಕೆ ಹೋಗೋ ಗಿರಾಕಿ. ಕಬ್ಬನ್ ಪಾರ್ಕಿಗೆ ಹೋಗು, ಬಾಲಭವನದ ಪುಟಾಣಿ ರೈಲು ಹತ್ತಿಸು ಅಂತ ಸಲಹೆಯನ್ನೂ ಕೊಟ್ಟ. ಹೋಗ್ತೀವಿ, ಹೋಗ್ತಾನೇ ಇರ್ತೀವಿ. ಆದ್ರೆ ದೊಡ್ಡ ಆಟ ಹತ್ತಬೇಕು ಅಂತ ಮಗುವಿಗೆ ಆಸೆಯಾಗಬಾರದಾ? ಆ ಆಸೆ ಸಂಬಳ ನೋಡ್ಕೊಂಡು ಹುಟ್ಟುತ್ತಾ? ನನಗಾದ್ರೂ ಸಂಬಳ ಬರುತ್ತೆ, ಬೈಕೊಂಡು ಕೊಡ್ತೀನಿ. ಆ ಡ್ರಮ್ಮಿನಲ್ಲಿ ಪುಳಿಯೋಗರೆ ಹಾಕಿ ಒಳಗೆ ಹೋದ ಮನೆಯವರು ಆರು ತಿಂಗಳು ದುಡ್ಡು ಕೂಡಿಟ್ಟು ಬಂದಿರಬಹುದು.

ಖಾಸಗಿ ಜಾಗ, ಅವರಿಷ್ಟ ಅನ್ನೋದು ಇನ್ನೊಂದು ವಾದ. ಥೀಮ್ ಪಾರ್ಕಿನ ಟಿಕೆಟ್ಟಿಗೆ 2017ರಲ್ಲಿ ಶೇ. 28ರ ಜಿಎಸ್‌ಟಿ ಬಿತ್ತು. ಆರೇಳು ತಿಂಗಳಲ್ಲಿ, 2018ರ ಜನವರಿಯಲ್ಲಿ, ಅದನ್ನ ಶೇ. 18ಕ್ಕೆ ಇಳಿಸಿದ್ರು. ಸರ್ಕಾರ ತೆರಿಗೆ ಬಿಟ್ಟುಕೊಟ್ಟ ಜಾಗದ ಬಗ್ಗೆ ನಾವು ನಾಲ್ಕು ಮಾತಾಡಬಹುದು ಅಂತ ನನ್ನ ಅಭಿಪ್ರಾಯ. ಕಸ ಆಗುತ್ತೆ ಅಂತಾರೆ. ಆಗುತ್ತೆ, ನಮ್ಮ ಜನ ಹಾಕ್ತಾರೆ, ಗೊತ್ತು. ಬಾಟಲಿ ಮುಚ್ಚಿಟ್ಟು ತರೋ ಪಡ್ಡೆ ಹುಡುಗರೂ ಇದ್ದಾರೆ. ಅದಕ್ಕೇ ತಾನೆ ತಪಾಸಣೆ ಇರೋದು? ಗಾಜು ಬೇಡ, ಪ್ಲಾಸ್ಟಿಕ್ ಕವರು ಬೇಡ, ಸ್ಟೀಲ್ ಡಬ್ಬಿ ಸೈ ಅನ್ನಿ. ನೀರಿನ ಕೊಳದ ಹತ್ತಿರ ತಿನ್ನಬೇಡಿ ಅನ್ನಿ. ಗೇಟಿನ ಬಳಿ ಒಂದು ತಗಡಿನ ಚಪ್ಪರ ಹಾಕಿ, ಡಬ್ಬಿ ಇಡೋಕೆ ಜಾಗ ಕೊಡಿ, ಕೈಗೆ ಸೀಲು ಹೊಡೆದು ಉಂಡು ಬರೋಕೆ ಬಿಡಿ. ಟೋಕಿಯೋದ ಡಿಸ್ನಿಯಲ್ಲೂ ಒಳಗೆ ಬುತ್ತಿ ಬಿಡಲ್ಲ, ಆದ್ರೆ ಕೂತು ಉಣ್ಣೋಕೆ ಗೇಟಿನ ಹೊರಗೆ ಜಾಗ ಮಾಡಿಕೊಟ್ಟಿದ್ದಾರೆ. ಅಷ್ಟಾದ್ರೂ ಆಗಲಿ.

ಸಂಜೆ ಹೊರಗೆ ಬಂದಾಗ ಸೌತೆಕಾಯಿಯವಳು ಅವ್ವನ ಡಬ್ಬಿಗಳನ್ನ ತೊಳೆದು ಒರೆಸಿ ಇಟ್ಟಿದ್ಲು. ಬರಿ ಡಬ್ಬಿ ಕೊಡಬಾರದು ಅಂತ ಒಳಗೆ ಎರಡು ಸೌತೆಕಾಯಿ ಹಾಕಿದ್ಲು. ಬಸ್ಸಿನಲ್ಲಿ ಅವ್ವ ಅದನ್ನ ಮುರಿದು ಎಲ್ಲರಿಗೂ ಕೊಟ್ಲು.

ಈ ವರ್ಷ ನಮ್ಮ ಟೀಮಿನ ಕುಟುಂಬಗಳೆಲ್ಲ ಸೇರಿ ಪಾರ್ಕಿಗೆ ಹೋಗೋದು ಅಂತ ಆಗಿದೆ. ಹದಿನೆಂಟು ಮನೆ, ಅರವತ್ತಕ್ಕಿಂತ ಹೆಚ್ಚು ಜನ. ಬುಕಿಂಗ್ ಕೆಲಸ, ಆ ಶೀಟಿನ ಪುಣ್ಯದಿಂದ, ನನ್ನ ತಲೆಗೇ ಬಂದಿದೆ. ಮೂರು ಪಾರ್ಕಿಗೆ ಫೋನ್ ಮಾಡಿದೆ. ರಿಯಾಯಿತಿ ಎಷ್ಟು ಅಂತ ಕೇಳೋದಕ್ಕೆ ಮೊದಲು ಮನೆಯ ಡಬ್ಬಿ ಬಿಡ್ತೀರಾ ಅಂತ ಕೇಳಿದೆ. ಇಬ್ಬರು ಇಲ್ಲ ಅಂದ್ರು. ಮೂರನೇ ಕಡೆಯ ಹುಡುಗಿ "ಗ್ರೂಪಿಗೆ ಬಫೆ ಇದೆ ಸಾರ್, ತುಂಬಾ ಚೆನ್ನಾಗಿರುತ್ತೆ" ಅಂದ್ಲು. ಬಫೆ ಬೇಡಮ್ಮ, ಡಬ್ಬಿ ಬಿಟ್ಟರೆ ಅರವತ್ತು ಟಿಕೆಟ್ಟು ಇವತ್ತೇ ತಗೋತೀನಿ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಮ್ಯಾನೇಜರನ್ನ ಕೇಳಿ ಹೇಳ್ತೀನಿ ಸಾರ್" ಅಂತ ನಂಬರ್ ತಗೊಂಡಿದ್ದಾಳೆ. ಸೋಮವಾರ ಮತ್ತೆ ಫೋನ್ ಮಾಡ್ತೀನಿ.